ಊದದೇ ಸಿಕ್ಕ ಶಾಲು

ಬ್ಯಾಂಡ್ ಸೆಟ್ಟಿಗೆ ಹೊಸದಾಗಿ ಸೇರುವವರು ನನ್ನ ಹತ್ತಿರ ಬಂದು, ಟ್ರಂಪೆಟ್ ಊದುವುದು ಹೇಗೆ ಹೇಳಿಕೊಡಿ ಎಂದು ಕೇಳುತ್ತಾರೆ. ಊದುವುದನ್ನು ಕಲಿಸುವವರು ಕಡೂರಿನಲ್ಲೇ ನಾಲ್ಕಾರು ಜನ ಇದ್ದಾರೆ. ಊದದೇ ಇರುವುದು ಹೇಗೆಂದು ಕಲಿಸಬಲ್ಲವನು ಈ ಸೀಮೆಗೆಲ್ಲ ನಾನೊಬ್ಬನೇ. ನನ್ನ ಕೆಲಸ ಶುರುವಾದದ್ದೂ ಊದದೇ, ಮುಗಿದದ್ದೂ ಊದದೇ. ನಡುವಿನ ವರ್ಷಗಳಲ್ಲಿ ಏನೋ ಒಂದಿಷ್ಟು ಊದಿದೆ, ಜನ ದೊಡ್ಡ ಮನಸ್ಸು ಮಾಡಿ ಕೇಳಿದರು.

ಇದನ್ನು ಬರೆಯಲು ಕೂತದ್ದಕ್ಕೆ ಒಂದು ಶಾಲು ಕಾರಣ. ಮೂವತ್ತೈದು ವರ್ಷ ಅದು ನನ್ನ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಮಲಗಿತ್ತು. ಮನೆಗೆ ಬಂದವರಿಗೆಲ್ಲ ನನ್ನ ಹೆಂಡತಿ ಜಯಮ್ಮ ಅದನ್ನು ತೆಗೆದು ತೋರಿಸುತ್ತಿದ್ದಳು. ಅದು ನನಗೆ ಸೇರಿದ್ದಲ್ಲ ಎಂಬುದು ಹೊದಿಸಿಕೊಂಡ ಗಳಿಗೆಯಲ್ಲೇ ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ.

ನಾನು ಮೂಲತಃ ಟೈಲರ್. ಕಡೂರಿನ ಬಸ್ ಸ್ಟ್ಯಾಂಡ್ ಹಿಂದಿನ ಒಂದು ಅಂಗಡಿಯಲ್ಲಿ ಕಾಜಾ ಹಾಕಿ, ಗುಂಡಿ ಹೊಲಿದು, ಆಮೇಲೆ ಮಿಷನ್ ಮೇಲೆ ಕೂತವನು. ಕೆಂಚಪ್ಪ ಮಾಸ್ಟರ್ ತಮ್ಮ ಸೆಟ್ಟಿಗೆ ಹನ್ನೊಂದು ಕೆಂಪು ಕೋಟು ಹೊಲಿಯಲು ಕೊಟ್ಟಿದ್ದರು. ಅಮೃತಾಪುರದವರು, ಗಿಡ್ಡ ಆಳು, ಗಂಟಲು ಮಾತ್ರ ಕೆರೆಯ ಆಚೆ ದಡಕ್ಕೆ ಕೇಳುವಂಥದ್ದು. ಕೋಟು ತೆಗೆದುಕೊಂಡು ಹೋಗಲು ಬಂದ ದಿನವೇ ಅವರ ಟ್ರಂಪೆಟ್ಟಿನವನೊಬ್ಬ ಕಾಮಾಲೆ ಬಂದು ಮಲಗಿದ್ದ. ಮದುವೆಯವರು ಹನ್ನೊಂದು ಜನರ ಸೆಟ್ ಎಂದು ಮಾತಾಡಿದ್ದರು. ಆಗೆಲ್ಲ ಬ್ಯಾಂಡು ಬಂದು ಇಳಿದ ಕೂಡಲೇ ಹೆಣ್ಣಿನ ಕಡೆಯ ಯಾರಾದರೂ ಒಬ್ಬರು ತಲೆ ಎಣಿಸುವರು. ಒಂದು ತಲೆ ಕಡಿಮೆಯಾದರೂ ರಂಪ.

ಮಾಸ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಲೇ ತಿಮ್ಮ, ಆ ಉದ್ದನೇ ಕೋಟು ನಿಂಗೆ ಸರಿಹೋಗ್ತದೇನೋ ನೋಡು.”

“ಹೋಗ್ತದೆ ಮಾಸ್ಟ್ರೇ. ಆದ್ರೆ ನಂಗೆ ಊದಕ್ಕೆ ಬರಲ್ವಲ್ಲ?”

“ಊದು ಅಂದೋರ್ಯಾರು? ಬಾಯಿಗಿಟ್ಕೊ, ಕೆನ್ನೆ ಉಬ್ಸು, ಪಕ್ಕದೋನ ಬೆರಳು ನೋಡ್ಕೊಂಡು ಗುಂಡಿ ಒತ್ತು. ಅಪ್ಪಿತಪ್ಪಿ ಊದಿದ್ಯೋ, ಒದೀತೀನಿ.”

ಹೀಗೆ ಬರೀ ಲೆಕ್ಕಕ್ಕೆ ನಿಲ್ಲುವವನನ್ನು ನಮ್ಮ ಸೆಟ್ಟಿನಲ್ಲಿ ಉತ್ಸವಮೂರ್ತಿ ಎನ್ನುತ್ತಿದ್ದರು. ಹೊತ್ತುಕೊಂಡು ತಿರುಗಬೇಕು, ಅಲಂಕಾರ ಮಾಡಬೇಕು, ಆದರೆ ಅದು ತಾನಾಗಿ ಏನೂ ಮಾಡುವುದಿಲ್ಲ. ಸುಲಭದ ಕೆಲಸವೆಂದು ತಿಳಿಯಬೇಡಿ. ಊದುವವನು ತಪ್ಪು ಊದಿದರೆ ಉಳಿದ ಹತ್ತು ಜನರ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಊದದವನು ತಪ್ಪಿದರೆ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಎಲ್ಲರೂ ಉಸಿರು ತೆಗೆದುಕೊಳ್ಳುವಾಗ ನೀವೂ ತೆಗೆದುಕೊಳ್ಳಬೇಕು. ಮೇಲಿನ ಸ್ವರ ಬಂದಾಗ ಕಣ್ಣು ಮುಚ್ಚಬೇಕು. ಹಾಡು ಮುಗಿದ ಮೇಲೆ ತುಟಿ ಒರೆಸಿಕೊಂಡು, ಟ್ರಂಪೆಟ್ ಬಗ್ಗಿಸಿ, ಇಲ್ಲದ ಎಂಜಲು ಕೊಡವಬೇಕು. ಈ ಕೊನೆಯದನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ ಊದುವವರೇ ನನ್ನನ್ನು ನೋಡಿ ಕೊಡವುವುದನ್ನು ತಿದ್ದಿಕೊಂಡರು.

ಮೂರು ತಿಂಗಳು ಹೀಗೇ ನಡೆಯಿತು. ಕಾಮಾಲೆಯವನು ವಾಸಿಯಾಗಿ ಬೇರೆ ಸೆಟ್ಟಿಗೆ ಹೋದ. ನಾನು ಉಳಿದುಕೊಂಡೆ. ಬಸ್ಸಿನ ಟಾಪಿನ ಮೇಲೆ ಡ್ರಮ್ಮು ಕಟ್ಟಿ, ತರೀಕೆರೆಯಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಅದು ಸಿಗದಿದ್ದರೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಅಡಿಕೆ ಮೂಟೆಯ ಮೇಲೆ ಕೂತು ಹೋಗುವುದು. ಕೆಂಪು ಕೋಟನ್ನು ಮಾತ್ರ ಊರ ಬಾಗಿಲಲ್ಲೇ ಹಾಕಬೇಕು, ಮೊದಲೇ ಹಾಕಿದರೆ ಧೂಳು ಹೊಡೆದು ಮಾಸ್ಟರ್ ಬಾಯಿಗೆ ಸಿಕ್ಕಬೇಕಾಗುತ್ತಿತ್ತು. ರಸ್ತೆ ಬದಿಯ ಬೇಲಿ ಮರೆಯಲ್ಲಿ ಹನ್ನೊಂದು ಜನ ಅಂಗಿ ಬಿಚ್ಚಿ ನಿಂತಿರುವಾಗ ಆ ಊರಿನ ಹೆಂಗಸರು ಬಿಂದಿಗೆ ಹಿಡಿದು ಬಂದದ್ದು ಒಂದೆರಡು ಸಲವಲ್ಲ.

ಊಟದ ವಿಷಯ ಹೇಳಲೇಬೇಕು. ಬ್ಯಾಂಡಿನವರಿಗೆ ಕಡೆಯ ಪಂಕ್ತಿ. ಆಗ ಕೆಲವು ಮನೆಗಳಲ್ಲಿ ಕೊಟ್ಟಿಗೆಯ ಪಕ್ಕ ಬೇರೆ ಎಲೆ ಹಾಕುತ್ತಿದ್ದರು. ಅಂಥ ಕಡೆ ಮಾಸ್ಟರ್ ಉಣ್ಣುತ್ತಿರಲಿಲ್ಲ. “ಹೊಟ್ಟೆ ಸರಿಯಿಲ್ಲ” ಎಂದು ಹೇಳಿ ಹೊರಗೆ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚುವರು. ಅವರ ಮನೆಯಲ್ಲಿ ದೇವರ ಗೂಡಿನಲ್ಲಿ ಬುದ್ಧನ ಪಟ ಯಾಕೆ ಬಂತೆಂದು ನನಗೆ ಆಗ ಅರ್ಥವಾಗಿರಲಿಲ್ಲ. ಊದುವುದರಲ್ಲಿ ಮಾತ್ರ ಅಂಥ ಮನೆಗೂ ಒಂದು ಸ್ವರ ಕಡಿಮೆ ಮಾಡುತ್ತಿರಲಿಲ್ಲ. ನಾನು ಸುಮ್ಮನೆ ಉಂಡುಬಿಡುತ್ತಿದ್ದೆ, ಎರಡನೇ ಸಲ ಪಾಯಸವನ್ನೂ ಹಾಕಿಸಿಕೊಳ್ಳುತ್ತಿದ್ದೆ. ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಈಗ ಶಾಲಿಗೆ ಬರುತ್ತೇನೆ.

ಬುಕ್ಕಾಂಬುಧಿಯಲ್ಲಿ ಮಲ್ಲಪ್ಪಜ್ಜನವರ ಮಗಳು ಗಿರಿಜಮ್ಮನ ಮದುವೆ. ಅನುಕೂಲಸ್ಥ ಮನೆ, ಮಠದ ಸ್ವಾಮಿಗಳೇ ಬಂದಿದ್ದರು. ಕೆರೆ ಏರಿಯ ಮೇಲೆ ಬೀಗರನ್ನು ಎದುರುಗೊಂಡೆವು. ಆ ಮನೆಯಲ್ಲಿ ಒಂದು ಪದ್ಧತಿ: ಎದುರುಗೊಂಡಾದ ಮೇಲೆ ಯಜಮಾನರು ಸೆಟ್ಟಿನಲ್ಲಿ ಒಬ್ಬನನ್ನು ಆರಿಸುವರು. ಅವನು ಒಬ್ಬನೇ ನಿಂತು ಒಂದು ಹಾಡು ಊದಬೇಕು, ಅವನಿಗೆ ಶಾಲು. ಮಲ್ಲಪ್ಪಜ್ಜನಿಗೆ ಕಿವಿ ಮಂದ. ಕಿವಿ ಮಂದವಾದವರು ಕಣ್ಣಿನಲ್ಲಿ ಕೇಳುತ್ತಾರೆ. ಕಣ್ಣಿಗೆ ಕಾಣುವಂತೆ ಊದುತ್ತಿದ್ದವನು ಆ ಸೆಟ್ಟಿನಲ್ಲಿ ನಾನೊಬ್ಬನೇ.

“ಆ ಉದ್ದಕ್ಕಿರೋ ಹುಡ್ಗ. ಏನು ಕೆನ್ನೆ, ಏನು ದಮ್ಮು! ಅವನು ಊದ್ಲಿ” ಎಂದರು.

ನನ್ನ ಮೊಣಕಾಲು ನಿಲ್ಲಲಿಲ್ಲ. ಓಡಿಹೋಗೋಣವೆಂದರೆ ಒಂದು ಕಡೆ ಕೆರೆ, ಇನ್ನೊಂದು ಕಡೆ ಬೀಗರು. ಅಷ್ಟರಲ್ಲಿ ಮಾಸ್ಟರ್ ಕೈ ಎತ್ತಿ ಮೊದಲು ಐದು ಬೆರಳು, ಆಮೇಲೆ ಎರಡು ಬೆರಳು ತೋರಿಸಿದರು. ನಮ್ಮಲ್ಲಿ ಹಾಡಿಗೆ ಹೆಸರಿಲ್ಲ, ನಂಬರು. ಏಳನೇ ನಂಬರು ಎಂದರೆ ಮಾಸ್ಟರ್ ತಾವೇ ಕಟ್ಟಿದ ಹಾಡು. ಅವರ ತಾಯಿ ರಾಗಿ ಬೀಸುವಾಗ ಗುನುಗುತ್ತಿದ್ದುದನ್ನು ಟ್ರಂಪೆಟ್ಟಿಗೆ ತಂದಿದ್ದರು, ನಂಬರು ಕೊಟ್ಟಿದ್ದರೇ ಹೊರತು ಅದುವರೆಗೆ ಹೊರಗಿರಲಿ, ನಮ್ಮೆದುರೂ ಊದಿರಲಿಲ್ಲ. ಉಳಿದವರಿಗೆ ಏನು ಸನ್ನೆ ಮಾಡಿದರೋ, ಎಲ್ಲರೂ ಒತ್ತಾಗಿ ಬಂದು ನನ್ನ ಸುತ್ತ ನಿಂತರು. ಮಾಸ್ಟರ್ ನನ್ನ ಹಿಂದೆ ಬಂದು ಬೆನ್ನಿಗೆ ಬೆನ್ನು ಕೊಟ್ಟರು. ಅವರು ಗಿಡ್ಡ, ನಾನು ಉದ್ದ. ಮುಂದಿನಿಂದ ನೋಡಿದರೆ ಅವರು ಇದ್ದಾರೆಂದೇ ಗೊತ್ತಾಗದು.

“ಕಣ್ಮುಚ್ಕೊ. ತಿರುಗ್ಬೇಡ” ಎಂದಷ್ಟೇ ಹೇಳಿ ಊದತೊಡಗಿದರು.

ನಾನು ಕೆನ್ನೆ ಉಬ್ಬಿಸಿ ಕಣ್ಣು ಮುಚ್ಚಿಕೊಂಡೆ. ಆ ಹಾಡು ನನ್ನ ಬೆನ್ನಿನೊಳಗಿಂದ ಬರುತ್ತಿರುವಂತೆ ಇತ್ತು. ನಡುವೆ ಒಂದು ಕಡೆ ಸ್ವರ ಮೇಲಕ್ಕೆ ಹೋಗುವುದು ಹೋಗದೆ ಫಕ್ಕನೆ ಕೆಳಗೆ ಬಿತ್ತು. ಒಂದು ಕ್ಷಣ ಅಲ್ಲೇ ತಡವರಿಸಿ, ಕೆಳಗಿನಿಂದ ಮೆಲ್ಲಗೆ ಎದ್ದು ಬಂತು. ಕಣ್ಣು ಬಿಟ್ಟು ನೋಡಿದರೆ ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮದುಮಗಳು ಗಿರಿಜಮ್ಮ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮಲ್ಲಪ್ಪಜ್ಜ ಬಂದು ನನ್ನ ಹೆಗಲಿಗೆ ಶಾಲು ಹೊದಿಸಿದರು.

ಆಗ ಬಾಯಿ ಬಿಟ್ಟು ಒಂದು ಮಾತು ಹೇಳಬಹುದಿತ್ತು. ಅಷ್ಟು ಹೊತ್ತು ಬಾಯಿಗೆ ಕೆಲಸ ಕೊಡದವನು ಆಗಲೂ ಕೊಡಲಿಲ್ಲ. ತಲೆ ಬಗ್ಗಿಸಿ ಕೈ ಮುಗಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಶಾಲನ್ನು ಮಡಚಿ ಮಾಸ್ಟರ್ ಕೈಗೆ ಕೊಡಲು ಹೋದೆ.

“ಹೊದ್ಕೊಳ್ಳೋ, ಗಾಳಿ ಬತ್ತೈತೆ” ಎಂದು ಕಿಟಕಿಯ ಕಡೆ ತಿರುಗಿ ಕೂತರು. ನಾನು ಹೊದ್ದುಕೊಂಡೆ. ಬೆಚ್ಚಗೇ ಇತ್ತು, ಸುಳ್ಳೇಕೆ ಹೇಳಲಿ.

ಅಲ್ಲಿಂದ ಪೀಕಲಾಟ ಶುರುವಾಯಿತು. ಅಜ್ಜಂಪುರ, ತರೀಕೆರೆ, ಎಲ್ಲಿಂದ ಕರೆ ಬಂದರೂ “ಆ ಶಾಲಿನವನು ಬರ್ಲೇಬೇಕು, ಆ ಹಾಡು ಊದ್ಲೇಬೇಕು” ಎನ್ನುವರು. ಪ್ರತಿಸಲವೂ ಬೆನ್ನು ಕೊಡಲು ಮಾಸ್ಟರ್ ಸಿಗುತ್ತಾರೆಯೇ? ತುಟಿ ಒಡೆದಿದೆ ಎಂದು ನೆವ ಹೇಳಿ ಆ ಹಾಡನ್ನು ಮುಂದೂಡುತ್ತಾ ಬಂದೆ. ಕಲಿಯದೇ ಗತಿಯಿರಲಿಲ್ಲ. ಹುಟ್ಟಾ ಸಂಗೀತಗಾರರು ಪ್ರೀತಿಯಿಂದ ಕಲಿಯುತ್ತಾರಂತೆ, ನಾನು ಭಯದಿಂದ ಕಲಿತೆ. ಕಡೂರಿನಲ್ಲಿ ರೈಲ್ವೆ ಹಳಿಯ ಪಕ್ಕ ನಿಂತು, ರೈಲು ಬರುವ ಹೊತ್ತು ನೋಡಿಕೊಂಡು ಊದುತ್ತಿದ್ದೆ. ಪಂಚನಹಳ್ಳಿಯ ಭಾವನ ತೋಟದಲ್ಲಿ ಬೋರ್‌ವೆಲ್ ಮೋಟರು ಓಡುವಾಗ ಅದರ ಪಕ್ಕ ಊದುತ್ತಿದ್ದೆ. ಒಂದು ದಿನ ಭಾವ ಬಂದು, “ತಿಮ್ಮಯ್ಯ, ಬೇಜಾರು ಮಾಡ್ಕಬೇಡ. ನೀನು ಊದಕ್ಕೆ ಹಿಡಿದಾಗ್ಲಿಂದ ಹಸ ಹಾಲು ಕಮ್ಮಿ ಮಾಡೈತೆ ಕಣಪ್ಪ” ಎಂದರು. ಎರಡು ವರ್ಷಕ್ಕೆ ತುಟಿ ದಪ್ಪವಾಗಿ, ಸ್ವರ ಹೊರಗೆ ಬರತೊಡಗಿತು.

ಮಾಸ್ಟರ್ ಮಿಕ್ಕೆಲ್ಲ ಹಾಡು ಹೇಳಿಕೊಟ್ಟರು. ಏಳನೆಯದನ್ನು ಮಾತ್ರ ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ದಿನ ಬೆನ್ನಿನಲ್ಲಿ ಕೇಳಿದ್ದನ್ನೇ ನೆನಪಿನಿಂದ ಹೆಕ್ಕಿ ಹೆಕ್ಕಿ ಕಟ್ಟಿಕೊಂಡೆ, ಆ ಬಿದ್ದು ಏಳುವ ತಿರುವಿನ ಸಮೇತ. ಬುಕ್ಕಾಂಬುಧಿಯ ಆ ದಿನದ ಮೇಲೆ ಮಾಸ್ಟರ್ ನನ್ನೆದುರು ಏಳನೇ ನಂಬರನ್ನು ಒಂದು ಸಲವೂ ಊದಲಿಲ್ಲ. ಯಾರಾದರೂ ಕೇಳಿದರೆ, “ಅದು ತಿಮ್ಮಂದು” ಎಂದು ನನ್ನ ಕಡೆ ಕೈ ತೋರಿಸಿಬಿಡುವರು. ತಾಯಿಯ ಹಾಡನ್ನು ಅವರ ಬಾಯಿಂದ ಕಿತ್ತುಕೊಂಡೆನಲ್ಲ ಎಂದು ಅಂದುಕೊಳ್ಳುತ್ತಲೇ ಇದ್ದೆ. ಆದರೂ ಕರೆದಲ್ಲೆಲ್ಲ ಹೋಗಿ ಊದಿದೆ. ಶಿಷ್ಯರಿಗೂ ಕಲಿಸಿದೆ. ಆ ತಿರುವು ಬಿಟ್ಟು ನೆಟ್ಟಗೆ ಊದಿದವನ ತಲೆಯ ಮೇಲೆ ಮೊಟಕಿ, “ಜೀವ ಇರೋದೇ ಅಲ್ಲಿ ಕಣೋ, ಗುರುಗಳು ಕೊಟ್ಟಿದ್ದು” ಎಂದು ಭಾಷಣ ಮಾಡಿದೆ. ಈಗ ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಊರಿನ ಸುತ್ತ ಯಾವ ಸೆಟ್ಟಿನವರೇ ಆಗಲಿ, ಏಳನೇ ನಂಬರನ್ನು ಬಿದ್ದೆದ್ದೇ ಊದುತ್ತಾರೆ.

ಮಾಸ್ಟರಿಗೆ ಜ್ವರ ಬಂದ ಒಂದು ದಿನ ಸೆಟ್ಟಿನ ಯಜಮಾನಿಕೆ ನನಗೆ ಬಂತು. ಆ ಒಂದು ದಿನದ ಆಡಳಿತವನ್ನೂ ಹೇಳಿಬಿಡುತ್ತೇನೆ. ತರೀಕೆರೆಯಲ್ಲಿ ಮದುವೆ. ಬೆಳಗ್ಗೆ ಇಳಿದವನೇ ಛತ್ರದ ಮುಂದಿನ ಬಾಳೆಕಂಬ ನೋಡಿ, “ಇದೇ” ಎಂದೆ. ಮದುವೆ ಗಂಡು ಕಾರಿನಿಂದ ಇಳಿಯುತ್ತಿದ್ದ, ನಾವು ಶುರು ಮಾಡಿದೆವು. ಗಂಡಿನ ತಂದೆ ಇದು ಹೆಣ್ಣಿನವರ ಏರ್ಪಾಟು ಎಂದು ಹಿಗ್ಗಿದರು. ಹೆಣ್ಣಿನ ತಂದೆ ಇದು ಗಂಡಿನವರ ಏರ್ಪಾಟು ಎಂದು ಹಿಗ್ಗಿದರು. ಇಬ್ಬರೂ ಬ್ಯಾಂಡು ಹೇಳಿರಲೇ ಇಲ್ಲ! ಬೀಗರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಮಗೆ ಮೊದಲ ಪಂಕ್ತಿಯಲ್ಲೇ ಉಪ್ಪಿಟ್ಟು, ಕೇಸರಿಬಾತು. ಎರಡನೇ ಸುತ್ತಿನ ಕೇಸರಿಬಾತಿನ ಹೊತ್ತಿಗೆ ನಮ್ಮನ್ನು ಕರೆಸಿದ್ದ ಮನೆಯವರು ಬೇರೆ ರಸ್ತೆಯ ಛತ್ರದಿಂದ ಹುಡುಕಿಕೊಂಡು ಬಂದರು. ಅವರ ಗಂಡು ಒಂದು ಗಂಟೆಯಿಂದ ಕಾರಿನಲ್ಲೇ ಕೂತಿದ್ದನಂತೆ. ಕೈ ತೊಳೆಯದೇ ಓಡಿದೆವು. ವಿಷಯ ತಿಳಿದ ಮಾಸ್ಟರ್ ಬೈಯಲಿಲ್ಲ. “ಕೇಸರಿಬಾತು ಚೆನ್ನಾಗಿತ್ತಾ?” ಎಂದು ಮಾತ್ರ ಕೇಳಿದರು. ಬೈದಿದ್ದರೆ ವಾಸಿಯಿತ್ತು.

ಕಾಲ ಬದಲಾಯಿತು. ಮೊದಲು ಹೊಸ ಹಾಡು ಕಲಿಯಬೇಕೆಂದರೆ ಕ್ಯಾಸೆಟ್ ತಂದು, ಒಂದು ಸಾಲು ಕೇಳಿ, ಪೆನ್ಸಿಲ್ ತೂರಿಸಿ ಹಿಂದಕ್ಕೆ ಸುತ್ತಿ, ಮತ್ತೆ ಕೇಳಿ, ಹದಿನೈದು ದಿನ ಹಿಡಿಯುತ್ತಿತ್ತು. ಈಗ ಮದುವೆ ಹುಡುಗಿಯೇ ಬೆಳಗ್ಗೆ ವಾಟ್ಸಾಪಿನಲ್ಲಿ ಹಾಡು ಕಳಿಸಿ, ಸಂಜೆಗೆ ಬೇಕು ಅಂಕಲ್ ಎನ್ನುತ್ತಾಳೆ. ಮಾಸ್ಟರ್ ಕಾಲು ಸೋತು ಅಮೃತಾಪುರದ ಮನೆ ಸೇರಿಕೊಂಡರು. ಟೆಂಪೋ ಮೇಲೆ ಕೀಬೋರ್ಡು ಬಂತು, ಆಳೆತ್ತರದ ಸ್ಪೀಕರು ಬಂತು. ಟ್ರಂಪೆಟ್ಟಿಗೂ ಮೈಕು ಕಟ್ಟಿದರು. ಹೊಸಬರು ಅದಕ್ಕೆ ಬೇಸರಪಡಬಾರದು. ಮೈಕು ಬಂದ ಮೇಲೆ ಉತ್ಸವಮೂರ್ತಿಗಳಿಗೆ ಕಷ್ಟವಾಯಿತು, ಅಷ್ಟೇ.

ನನ್ನ ಹಲ್ಲು ಅಲ್ಲಾಡತೊಡಗಿದ್ದು ಆಗಲೇ. ಟ್ರಂಪೆಟ್ ಊದುವವನ ಬಂಡವಾಳವೆಲ್ಲ ಮುಂದಿನ ಹಲ್ಲು. ಹಿಂದೆ ಅದರ ಆಸರೆಯಿಲ್ಲದಿದ್ದರೆ ತುಟಿ ನಿಲ್ಲದು. ಯಾರಿಗೂ ಹೇಳದೆ ಮೇಲಿನ ಸೆಟ್ ಕಟ್ಟಿಸಿಕೊಂಡೆ. ಅಜ್ಜಂಪುರದ ಮೆರವಣಿಗೆಯೊಂದರಲ್ಲಿ ಮೇಲಿನ ಸ್ವರ ಹಿಡಿದು ಎಳೆಯುತ್ತಿದ್ದೆ, ಹಲ್ಲಿನ ಸೆಟ್ ಮೌತ್‌ಪೀಸ್ ಬಿಟ್ಟು ಹೊರಗೆ ಹಾರಿ ಮದುಮಗನ ಬೂಟಿನ ಮುಂದೆ ಕೂತಿತು. ಪುಣ್ಯಾತ್ಮ ಬಗ್ಗಿ ಎತ್ತಿಕೊಟ್ಟ. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ನಾನು ಟೆಂಪೋದಲ್ಲಿ ಕಡೂರು ತಲಪುವುದಕ್ಕೆ ಮೊದಲೇ ನನ್ನ ಹಲ್ಲು ತಲಪಿತ್ತು. ಜಯಮ್ಮ ಬಾಗಿಲಲ್ಲೇ ನಿಂತು, “ಒಳಗೆ ಬನ್ನಿ, ಎಲ್ಲಾ ನೋಡಾಯ್ತು” ಎಂದಳು.

ಆದರೂ ಬಿಡಲು ಮನಸ್ಸು ಬರಲಿಲ್ಲ. ನಮ್ಮ ಸೆಟ್ಟಿನ ಮುಂದಾಳು ಈಗ ನನ್ನ ಶಿಷ್ಯ ಪ್ರಕಾಶ. ಅವನು ಸಂಕೋಚಪಡುತ್ತಲೇ, “ಅಣ್ಣಾ, ನೀವು ಸುಮ್ನೆ ಹಿಡ್ಕೊಂಡು ನಿಂತ್ಕೊಳಿ, ಸಾಕು” ಎಂದ. ಮತ್ತೆ ಕೆನ್ನೆ ಉಬ್ಬಿಸಿದೆ. ಮೈಕನ್ನು ಪ್ರಕಾಶನ ಟ್ರಂಪೆಟ್ಟಿಗೇ ಕಟ್ಟಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಹಳೆಯ ವಿದ್ಯೆ ಮರೆತಿರಲಿಲ್ಲ, ಎಂಜಲು ಕೊಡವುವುದಂತೂ ಮೊದಲಿಗಿಂತ ಸೊಗಸಾಗಿತ್ತು.

ಹೀಗಿರುವಾಗ ಬುಕ್ಕಾಂಬುಧಿಯಿಂದ ಕರೆ ಬಂತು. ಗಿರಿಜಮ್ಮನ ಕಿರಿಮಗಳ ಮದುವೆಯನ್ನು ತವರಿನಲ್ಲೇ ಮಾಡುತ್ತಿದ್ದರು. ಅದೇ ಕೆರೆ ಏರಿ. ಮಲ್ಲಪ್ಪಜ್ಜ ಇರಲಿಲ್ಲ, ಪದ್ಧತಿ ಇತ್ತು. ಗಿರಿಜಮ್ಮ ಸೀದಾ ನನ್ನ ಮುಂದೆ ಬಂದರು. ಕೈಯಲ್ಲಿ ಹೊಸ ಶಾಲು.

“ತಿಮ್ಮಯ್ಯನೋರೆ, ಅವತ್ತು ನನ್ನ ಮದ್ವೇಲಿ ಊದಿದ್ರಲ್ಲ, ಅದನ್ನೇ ನನ್ ಮಗಳಿಗೂ ಊದ್ಬೇಕು.”

ಪ್ರಕಾಶ ನನ್ನ ಹಿಂದೆ ಸರಿಯುವುದು ಗೊತ್ತಾಯಿತು. ನಾನೇ ಎಂದೋ ನಗುತ್ತಾ ಅವನಿಗೆ ಎಲ್ಲ ಹೇಳಿಕೊಂಡಿದ್ದೆ. ಅವನ ಬೆನ್ನು ನನ್ನ ಬೆನ್ನಿಗೆ ತಾಗಿತು. ನನಗೆ ತಡೆಯಲಾಗಲಿಲ್ಲ. ಒಂದು ಶಾಲಿನ ಭಾರವೇ ಮೂವತ್ತೈದು ವರ್ಷ ಹೊತ್ತದ್ದಾಗಿತ್ತು, ಇನ್ನೊಂದಕ್ಕೆ ಹೆಗಲಿರಲಿಲ್ಲ. ಟ್ರಂಪೆಟ್ ಕೆಳಗಿಳಿಸಿದೆ.

“ಅಮ್ಮಾ, ಅವತ್ತು ಊದಿದ್ದು ನಾನಲ್ಲ. ನಮ್ಮ ಮಾಸ್ಟ್ರು. ನಾನು ಬರೀ ಕೆನ್ನೆ ಉಬ್ಬಿಸ್ಕೊಂಡು ನಿಂತಿದ್ದೆ. ಇವತ್ತೂ ಅಷ್ಟೇ, ಹಲ್ಲಿಲ್ಲ.”

ಅವರು ಶಾಲು ಹಿಡಿದ ಕೈ ಕೆಳಗಿಳಿಸಿದರು. ಬೈಯುತ್ತಾರೆಂದುಕೊಂಡೆ.

“ಮಾಸ್ಟ್ರು ಇದಾರಾ?”

“ಇದಾರಮ್ಮ. ಅಮೃತಾಪುರ್ದಾಗೆ.”

“ಹಂಗಾದ್ರೆ ಇನ್ನೇನು ಯೋಚ್ನೆ? ನಮ್ಮಪ್ಪ ಕೊಟ್ಟಿದ್ದು ಯಾರಿಗೆ ಸೇರ್ಬೇಕೋ ಅವ್ರಿಗೆ ಮುಟ್ಸಿ. ಇವತ್ತು ಊದೋನು ಮುಂದೆ ಬರ್ಲಿ” ಎಂದರು.

ಪ್ರಕಾಶ ಮುಂದೆ ಬಂದು ಊದಿದ, ಆ ತಿರುವಿನ ಸಮೇತ. ಗಿರಿಜಮ್ಮ ಅತ್ತರು. ನಾನೂ ಅತ್ತೆ. ಅಂದೇ ಟ್ರಂಪೆಟ್ಟನ್ನು ಪ್ರಕಾಶನಿಗೆ ಕೊಟ್ಟು, ಕೋಟು ಬಿಚ್ಚಿ, ಕೆಲಸ ಮುಗಿಸಿದೆ.

ಮಾರನೆಯ ದಿನ ಟ್ರಂಕು ತೆಗೆದು ಜಯಮ್ಮನಿಗೆ ನಿಜ ಹೇಳಿದೆ. ಅವಳು ಶಾಲನ್ನು ಕೊಡವಿ, ಮಡಚಿ ಚೀಲಕ್ಕೆ ಹಾಕಿದಳು. ಆಮೇಲೆ, “ಬನ್ನಿ, ನಾನೂ ಬತ್ತೀನಿ” ಎಂದಳು. ತರೀಕೆರೆಯಲ್ಲಿ ಬಸ್ಸು ಬದಲಿಸಿ ಅಮೃತಾಪುರಕ್ಕೆ ಹೋದೆವು. ಮಾಸ್ಟರ್ ಜಗುಲಿಯ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಂಬತ್ತು ದಾಟಿದ್ದರೂ ಕಿವಿ ಚುರುಕು. ಅವರ ತೊಡೆಯ ಮೇಲೆ ಶಾಲು ಇಟ್ಟು ಕಾಲು ಹಿಡಿದೆ.

“ಮಾಸ್ಟ್ರೇ, ನಿಮ್ಮ ಶಾಲು, ನಿಮ್ಮ ತಾಯಿ ಹಾಡು, ಎರಡೂ ನುಂಗ್ಬಿಟ್ಟೆ. ನೀವು ಬೇಜಾರಲ್ಲಿ ಆ ಹಾಡು ಊದೋದೇ ಬಿಟ್ರಿ.”

“ಬೇಜಾರಲ್ಲಿ ಅಂದೋರ್ಯಾರೋ?” ಎಂದರು. “ಒಂದ್ಸಲ ಅಜ್ಜಂಪುರದಾಗೆ ನೀನಿಲ್ದಾಗ ಊದಿದ್ದೆ ಕಣೋ, ನಮ್ಮವ್ವ ಹಾಡ್ತಿದ್ದಂಗೆ ಸರಿಯಾಗಿ. ಅಲ್ಲಿದ್ದೋರು ಏನಂದ್ರು ಗೊತ್ತಾ? ‘ಮಾಸ್ಟ್ರಿಗೆ ಇದು ಸರಿಯಾಗಿ ಬರಲ್ಲ, ತಿಮ್ಮಯ್ಯನ ಕೇಳ್ಬೇಕು’ ಅಂದ್ರು! ಆಮೇಲೆ ಯಾವನು ಊದ್ತಾನೆ?”

ನನಗೆ ಅರ್ಥವಾಗಲಿಲ್ಲ. “ನಾನು ಊದೋದು ನಿಮ್ಮಂಗೇ ಅಲ್ವಾ ಮಾಸ್ಟ್ರೇ? ಆ ಬಿದ್ದೇಳೋ ತಿರುವು...”

“ಆ ತಿರುವು ಹಾಡಲ್ಲೇ ಇಲ್ಲ ಕಣೋ. ಅಲ್ಲಿ ಸ್ವರ ಮೇಲಕ್ಕೆ ಹೋಗ್ಬೇಕು. ಅವತ್ತು ನೀನು ಗಡಗಡ ನಡುಗ್ತಿದ್ದೆ. ನಡುಗಿ ನಡುಗಿ ಒಂದ್ಸಲ ಕಾಲು ಸೋತು ಹಿಂದಕ್ಕೆ ನನ್ ಮೇಲೇ ಒರಗ್ಬಿಟ್ಟೆ. ತುಟಿ ಜಾರ್ತು. ಮರ್ಯಾದೆ ಹೋಯ್ತು ಅಂದ್ಕೊಂಡು ಹೆಂಗೋ ಕೆಳಗಿಂದ ಎತ್ಕೊಂಡೆ. ನೋಡಿದ್ರೆ ಜನ ಅಲ್ಲೇ ಅತ್ಬಿಟ್ರು.”

ಜೀವ ಅಲ್ಲಿದೆ ಎಂದು ಎಷ್ಟು ತಲೆ ಮೊಟಕಿದ್ದೆ! ಮೂರು ಊರಿನ ಸೆಟ್ಟುಗಳು ಇಷ್ಟು ವರ್ಷ ಭಕ್ತಿಯಿಂದ ಊದುತ್ತಾ ಬಂದದ್ದು ನನ್ನ ಮೊಣಕಾಲಿನ ನಡುಕವನ್ನು.

“ಹಂಗಾದ್ರೆ ಎಲ್ರಿಗೂ ತಿದ್ದಿ ಹೇಳ್ಲಾ ಮಾಸ್ಟ್ರೇ?”

“ಮುಚ್ಕೊಂಡಿರು. ನಮ್ಮವ್ವಂದು ನಂಗೆ ಗೊತ್ತೈತೆ, ಸಾಕು. ಅದನ್ನ ಹಂಗೇ ಊದ್ಕೊಂಡೋಗ್ಲಿ ಬಿಡು, ಚೆನ್ನಾಗೈತೆ.” ಶಾಲನ್ನು ಬಿಚ್ಚಿ, ಅದರ ಅಂಚು ಸವರಿ ನೋಡಿದರು. “ಹಾಡು ನಂದು, ಅವ್ರನ್ನ ಅಳಿಸಿದ್ದು ನಿನ್ ಬೆನ್ನು. ನಾನೊಬ್ನೇ ಹೆಂಗೆ ಇಟ್ಕೊಳ್ಳಲೋ ಇದನ್ನ? ಟೈಲರ್ ಅಲ್ವೇನೋ ನೀನು?”

ಅವರ ಸೊಸೆ ಒಳಗಿನಿಂದ ಕತ್ತರಿ, ಸೂಜಿ, ದಾರ ತಂದುಕೊಟ್ಟಳು. ಜಯಮ್ಮ ಶಾಲಿನ ಎರಡು ತುದಿ ಬಿಗಿಯಾಗಿ ಹಿಡಿದುಕೊಂಡಳು. ನಾನು ನಡುವೆ ಮಡಚಿ, ಉಗುರಿನಿಂದ ಗೆರೆ ಎಳೆದು ಕತ್ತರಿಸಿದೆ. ಜಗುಲಿಯಲ್ಲೇ ಕೂತು ಎರಡಕ್ಕೂ ಅಂಚು ಮಡಚಿ ಕೈಹೊಲಿಗೆ ಹಾಕಿದೆ. ಮಾಸ್ಟರ್ ತಮ್ಮ ಪಾಲನ್ನು ಹೆಗಲಿಗೆ ಹಾಕಿಕೊಂಡು, ಹೊಲಿಗೆಯನ್ನು ಕಣ್ಣಿನ ಹತ್ತಿರ ತಂದು ನೋಡಿ, ನೆಟ್ಟಗೆ ಬಂದಿದೆ ಎಂದರು. ಇಷ್ಟು ವರ್ಷದಲ್ಲಿ ಅವರು ನನ್ನ ಕೆಲಸವನ್ನು ಹೊಗಳಿದ್ದು ಅದೇ ಮೊದಲು.